ಬಸವನಗುಡಿ ಬಡಾವಣೆಯ ಪೂರ್ವೋತ್ತರ

ಬೆಂಗಳೂರಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆಯ ಮುತ್ತಿಗೆಯನ್ನೂ, ದಂಡಿನ ಸ್ಥಾಪನೆಯನ್ನೂ, ದಿವಾನರ ಆಡಳಿತವನ್ನೂ ಕುರಿತು ವಿಸ್ತಾರವಾಗಿ ಬರೆದಿರುವರು. ಊರಿನ ಜನ ಯಾವ ಬೀದಿಯಲ್ಲಿ ವಾಸಮಾಡಿದರು, ಮನೆಯಿಂದ ಅಂಗಡಿಗೆ, ಕಚೇರಿಗೆ, ಪಾಠಶಾಲೆಗೆ ಯಾವ ದಾರಿಯಾಗಿ ಹೋದರು ಎಂಬ ವಿಷಯವು ಚರಿತ್ರೆಯೆನಿಸಿಕೊಳ್ಳುವಷ್ಟು ಗೌರವವುಳ್ಳದ್ದೆಂದು ಅವರಿಗೆ ತೋರಿದಂತಿಲ್ಲ. ಆದರೆ ಒಂದು ಪಟ್ಟಣವು ಪಟ್ಟಣವಾಗಿ ಬಾಳುವುದು ಈ ದಿನಚರಿಯಿಂದಲೇ ಹೊರತು ಮುತ್ತಿಗೆಗಳಿಂದಲ್ಲ. ಹಳೆಯ ಪೇಟೆಗೆ ಸಮೀಪದಲ್ಲಿ, ಅದರಿಂದ ಬೇರೆಯಾಗಿ, ಆದರೂ ಅದಕ್ಕೆ ನಡೆದುಹೋಗಬಹುದಾದ ದೂರದಲ್ಲಿ ಬೆಳೆದು ಹಣ್ಣಾದ ಒಂದು ವಸತಿಯ ಪ್ರದೇಶವು ಹೇಗೆ ಉಂಟಾಗುತ್ತದೆಯೆಂಬುದನ್ನು ವಿಚಾರಿಸುವುದಕ್ಕೆ ಬಸವನಗುಡಿಯು ಒಳ್ಳೆಯ ಉದಾಹರಣೆ. ಆ ಬಡಾವಣೆಯ ಗುಣವೆಲ್ಲ ಅದರ ನಕ್ಷೆಯನ್ನು ಬರೆದವರ ಜಾಣತನದಿಂದ ಬಂದುದೆಂದು ಸಾಮಾನ್ಯವಾಗಿ ಹೇಳುವುದುಂಟು. ನಕ್ಷೆಯಲ್ಲಿ ಇದ್ದುದು ಎಷ್ಟು, ನಕ್ಷೆಗೆ ವಿರೋಧವಾಗಿ ಜನರ ಕಾಲುಗಳು ಮಾಡಿಕೊಂಡದ್ದು ಎಷ್ಟು ಎಂಬುದನ್ನು ಬಿಡಿಸಿ ನೋಡಿದರೆ ಆ ಅಭಿಪ್ರಾಯವು ಅರ್ಧದಷ್ಟು ಮಾತ್ರ ನಿಲ್ಲುವುದು.

ಬಸವನಗುಡಿಯನ್ನು ತಿಳಿಯಬೇಕಾದರೆ ಮೊದಲು ಪೇಟೆಯನ್ನು ತಿಳಿಯಬೇಕು. ಮೊದಲನೆಯ ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಪ್ರತೀತಿಯಿರುವ ಈ ಪೇಟೆಯು ಎರಡು ಬೀದಿಗಳು ಅಡ್ಡಹಾಯ್ದ ಸ್ಥಳವನ್ನು ನಡುವಾಗಿ ಇಟ್ಟುಕೊಂಡು ಬೆಳೆದುದು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ. ಅದೇ ಈಗಿನ ಅವೆನ್ಯೂ ರಸ್ತೆ. ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಇವುಗಳ ಸುತ್ತಮುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂದು ಸರಕಿನ ಹೆಸರಿನಿಂದಲೋ ಕಸುಬಿನ ಹೆಸರಿನಿಂದಲೋ ಕರೆಯಿಸಿಕೊಂಡ ಬೀದಿಗಳು. ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಅಥವಾ ಮೇಲೆ ಮನೆ, ಹಿತ್ತಲಲ್ಲಿ ಮಗ್ಗವೋ ಗಾಣವೋ. ದೊಡ್ಡಪೇಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಮೈಲಿಗಿಂತಲೂ ಕಡಮೆ. ಇಂಥ ಊರಿನಲ್ಲಿ 'ನಡೆದುಹೋಗಬಹುದಾದ ದೂರ' ಎಂಬ ಮಾತಿಗೆ ಅರ್ಥವೇ ಇರಲಾರದು. ಏಕೆಂದರೆ ನಡೆಯಲಾಗದ ದೂರವೆಂಬುದು ಅಲ್ಲಿ ಇರಲೇ ಇಲ್ಲ. ೧೭೯೧ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮೊದಲು ಪೇಟೆಯನ್ನೂ ಎರಡು ವಾರಗಳ ಅನಂತರ ಕೋಟೆಯನ್ನೂ ಹಿಡಿದಾಗಲೂ, ೧೮೦೯ರಲ್ಲಿ ಪೇಟೆಯ ಪೂರ್ವಕ್ಕೆ ದಂಡು ಏರ್ಪಟ್ಟಾಗಲೂ, ಈ ಬೀದಿಗಳ ಹೆಸರುಗಳಾಗಲಿ ಬಾಳಿನ ರೀತಿಯಾಗಲಿ ಬುಡಮಟ್ಟ ಬದಲಾಗಲಿಲ್ಲ.

ಪೇಟೆಯ ಈ ಬಾಳಿಗೆ ಮೊದಲು ಕುಂದು ತಂದುದು ಯುದ್ಧವಲ್ಲ, ಇಕ್ಕಟ್ಟು. ೧೮೬೪ರಲ್ಲಿ ಜೋಲಾರಪೇಟೆಯ ಕಡೆಯಿಂದ ದಂಡಿಗೆ ರೈಲು ಬಂದಿತು. ೧೮೮೧ರಲ್ಲಿ ರಾಜ್ಯವು ಮೈಸೂರಿನ ಅರಸರಿಗೆ ಹಿಂದಿರುಗಿದ ಮೇಲೆ ಸರ್ಕಾರದ ಕಚೇರಿಗಳಲ್ಲಿ ನಮ್ಮವರ ಉದ್ಯೋಗಗಳು ಹೆಚ್ಚಿದುವು. ಗುಮಾಸ್ತರು, ವಕೀಲರು, ಉಪಾಧ್ಯಾಯರು, ವಿದ್ಯಾರ್ಥಿಗಳು ಊರಿಗೆ ಬಂದು ಸೇರಿದರು. ಇವರಿಗೆ ಪೇಟೆಯಲ್ಲಿ ಅಂಗಡಿ ಬೇಕಾಗಿರಲಿಲ್ಲ, ಮಗ್ಗ ಬೇಕಾಗಿರಲಿಲ್ಲ, ಮಲಗಲು ಮನೆ ಮಾತ್ರ ಬೇಕಾಗಿದ್ದಿತು. ಕಸುಬನ್ನೂ ವಾಸವನ್ನೂ ಬೇರೆ ಬೇರೆ ಮಾಡಿಕೊಂಡ ಜನ ಬೆಂಗಳೂರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ಆಗಲೇ. ೧೮೯೧ರ ಜನಗಣತಿಯಲ್ಲಿ ಪೇಟೆಯೂ ದಂಡೂ ಸೇರಿ ೧,೮೦,೩೬೬ ಮಂದಿ. ಮರುವರ್ಷ, ಅಂದರೆ ೧೮೯೨ರಲ್ಲಿ, ಕೋಟೆಯ ಪಡುವಣ ದಕ್ಷಿಣ ಭಾಗದಲ್ಲಿ ಚಾಮರಾಜಪೇಟೆಯು ನೇರವಾದ ಬೀದಿಗಳೂ ಅಡ್ಡರಸ್ತೆಗಳೂ ಉಳ್ಳ ಹೊಸ ಬಡಾವಣೆಯಾಗಿ ಹುಟ್ಟಿತು. ಆಗ ಆಳುತ್ತಿದ್ದ ಚಾಮರಾಜ ಒಡೆಯರ ಹೆಸರನ್ನೇ ಅದಕ್ಕೆ ಇಟ್ಟರು. ದಿವಾನ್ ಶೇಷಾದ್ರಿ ಅಯ್ಯರವರ ಹೆಸರಿನ ಶೇಷಾದ್ರಿಪುರವೂ ಅದೇ ಕಾಲದ್ದು. ೧೮೯೬ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ಊರಿಗೆ ಬಂದಿತು. ಪೇಟೆಯ ಹೊರಗೆ ಮನೆ ಕಟ್ಟುವ ಆಲೋಚನೆಯು ಪ್ಲೇಗು ಹುಟ್ಟಿಸಿದ್ದಲ್ಲ, ಅದಕ್ಕೆ ಮುಂಚೆಯೇ ಇದ್ದಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ಲೇಗು ಮಾಡಿದ್ದೇನೆಂದರೆ, ಅನುಕೂಲವಂತರ ಆಲೋಚನೆಯನ್ನು ಎಲ್ಲರ ಅವಸರವನ್ನಾಗಿ ಮಾಡಿತು.

೧೮೯೮ರ ಆಗಸ್ಟಿನಲ್ಲಿ ಈ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನು ಮುಟ್ಟಿತು. ಕೆಲವು ವಾರಗಳಲ್ಲಿ ಪೇಟೆಯ ಬೀದಿಗಳು ಬರಿದಾದುವು. ಜನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ರೋಗ ತಗುಲಿದ ಮನೆಗಳ ಹೆಂಚನ್ನು ತೆಗೆಸಿ ಬಿಸಿಲು ಗಾಳಿ ಬಿಡಿಸಿದರು. ಪ್ಲೇಗಮ್ಮನೆಂಬ ಹೊಸ ದೇವತೆಗೆ ಗುಡಿಗಳು ಎದ್ದುವು. ಸಂಸ್ಥಾನದ ಪ್ಲೇಗ್ ಕಮಿಷನರಾಗಿ ನೇಮಿತರಾದ ವಿ. ಪಿ. ಮಾಧವರಾಯರು ಮುಂದೆ ೧೯೦೬ರಲ್ಲಿ ದಿವಾನರಾದರು. ಬಸವನಗುಡಿಯ ಒಂದು ವೃತ್ತವು ಈಗಲೂ ಮಾಧವರಾಯರ ಹೆಸರನ್ನು ಹೊತ್ತಿದೆ. ೧೯೦೧ರ ಜನಗಣತಿಯಲ್ಲಿ ಊರಿನ ಒಟ್ಟು ಸಂಖ್ಯೆ ೧,೫೯,೦೪೬ಕ್ಕೆ ಇಳಿದಿದ್ದಿತು. ಇದರಲ್ಲಿ ಪೇಟೆಯ ಭಾಗ ೬೯,೪೪೭, ದಂಡಿನ ಭಾಗ ೮೯,೫೯೯. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ಇಪ್ಪತ್ತೊಂದು ಸಾವಿರ ಜನರನ್ನು ಕಳೆದುಕೊಂಡಿತು. ಸತ್ತವರೂ ಊರು ಬಿಟ್ಟು ಮರಳಿ ಬಾರದವರೂ ಸೇರಿ ಈ ಲೆಕ್ಕ.

ಈ ಸಂಕಟದ ನಡುವೆ ಪೇಟೆಯ ಉತ್ತರಕ್ಕೆ ಮಲ್ಲೇಶ್ವರದ ಹತ್ತಿರ ೨೯೧ ಎಕರೆ, ದಕ್ಷಿಣಕ್ಕೆ ಬಸವನ ಗುಡಿಯ ಹತ್ತಿರ ೪೪೦ ಎಕರೆ ಭೂಮಿಯಲ್ಲಿ ಎರಡು ಬಡಾವಣೆಗಳ ಕಾರ್ಯವು ಕೈಗೊಳ್ಳಲ್ಪಟ್ಟಿತು. ಅಗಲವಾದ ರಸ್ತೆ, ಪ್ರತಿ ನಿವೇಶನದಲ್ಲಿಯೂ ಮನೆಯ ಸುತ್ತ ಬಯಲು, ಮನೆಮನೆಗೂ ನಡುವೆ ಗಾಳಿಯಾಡುವಷ್ಟು ತೆರಪು, ಇವೇ ಆ ನಕ್ಷೆಯ ಮುಖ್ಯ ಸೂತ್ರಗಳು. ಇವುಗಳ ಹಿಂದೆ ಇದ್ದ ವೈದ್ಯಸಿದ್ಧಾಂತವೊಂದನ್ನು ಇಲ್ಲಿ ಹೇಳುವುದು ಅವಶ್ಯಕ. ಕೆಟ್ಟ ಗಾಳಿಯೂ ಕೊಳೆತ ನೆಲವೂ ರೋಗಕ್ಕೆ ಕಾರಣವೆಂದು ಆ ಕಾಲದ ಅಧಿಕಾರಿಗಳು ಬಹುಮಂದಿ ನಂಬಿದ್ದರು. ಪ್ಲೇಗಿನ ರೋಗಾಣುವನ್ನು ಯೆರ್ಸಿನನು ೧೮೯೪ರಲ್ಲಿಯೇ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುವುದೆಂದು ಸಿಮಂಡನು ಕರಾಚಿಯಲ್ಲಿ ತೋರಿಸಿದ್ದು, ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ ಆದ ೧೮೯೮ರಲ್ಲಿ. ಆದರೆ ಅವನ ಮಾತನ್ನು ವೈದ್ಯಲೋಕವು ಒಪ್ಪುವುದಕ್ಕೆ ಮತ್ತೆ ಎಂಟು ಹತ್ತು ವರ್ಷಗಳು ಹಿಡಿದುವು. ಆದುದರಿಂದ ಬಸವನಗುಡಿಯ ಅಗಲವಾದ ಬೀದಿಗಳು ಒಂದು ತಪ್ಪು ಸಿದ್ಧಾಂತದ ಮೇಲೆ ಎದ್ದ ಒಳ್ಳೆಯ ಕಟ್ಟಡಗಳೆನ್ನಬೇಕು. ಇಲಿಗಳಿಗೆ ಬೇಕಾದುದು ದವಸದ ಉಗ್ರಾಣ. ಅದು ತರಗುಪೇಟೆಯಲ್ಲಿ ಇದ್ದಿತು, ಹೊಸ ಬಡಾವಣೆಯಲ್ಲಿ ಇರಲಿಲ್ಲ. ಹೊಸ ಮನೆಗಳು ಸುಖವಾಗಿದ್ದುದಕ್ಕೆ ಗಾಳಿಗಿಂತ ಈ ಕಾರಣವೇ ಬಲವಾಗಿದ್ದಿರಬಹುದು.

ಬಡಾವಣೆಗೆ ಮೊದಲು ಆ ಸ್ಥಳದಲ್ಲಿ ಸುಂಕೇನಹಳ್ಳಿಯೆಂಬ ಗ್ರಾಮವೂ ಅದರ ಹೊಲಗಳೂ ಇದ್ದುವು. ಗುಡ್ಡದ ಮೇಲೆ ಒಂದೇ ಕಲ್ಲಿನ ದೊಡ್ಡ ಬಸವ. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ನಡೆಯುವ ಕಡಲೆಕಾಯಿ ಪರಿಷೆ. ಹೊಲವನ್ನು ಮೇಯುತ್ತಿದ್ದ ಬಸವನನ್ನು ತಣಿಸಲು ರೈತರು ಮೊದಲ ಫಸಲನ್ನು ಒಪ್ಪಿಸಿದರೆಂಬ ಕಥೆಯು ಎಲ್ಲರಿಗೂ ತಿಳಿದುದೇ. ಅದನ್ನು ಕೆಂಪೇಗೌಡನ ಕಾಲಕ್ಕೆ ಸೇರಿಸಿ ಹೇಳುವುದು ವಾಡಿಕೆ. ಕಡಲೆಕಾಯಿಯು ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ೧೫೩೭ರ ಹೊತ್ತಿಗೆ ಬೆಂಗಳೂರಿನ ಹೊಲಗಳಲ್ಲಿ ಅದು ಹಬ್ಬಿದ್ದಿತೆಂದು ನಂಬುವುದು ಕಷ್ಟ. ಕಥೆಯ ಈಗಿನ ರೂಪವು ಬಹಳ ಈಚಿನದಾಗಿರಬೇಕು. ಅದು ಹಾಗಿರಲಿ, ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಬಡಾವಣೆಯ ನಕ್ಷೆಯು ಹೊಲವನ್ನು ಅಳಿಸಿತು, ಆದರೆ ಹೊಲದ ಹಬ್ಬವನ್ನು ಅಳಿಸಲಾರದೆ ಹೋಯಿತು. ರೈತನ ಪರಿಷೆಗೆ ಗುಮಾಸ್ತನ ಬೀದಿಯೇ ಬಯಲಾಯಿತು. ಕಾರಂಜಿ ಆಂಜನೇಯನ ಗುಡಿಯ ಹೆಸರಿನಲ್ಲಿ ಮಾತ್ರ ಈಗ ಉಳಿದಿರುವ ಕಾರಂಜಿ ಕೆರೆಗೆ ಅಷ್ಟು ಭಾಗ್ಯವಿರಲಿಲ್ಲ.

ಗಾಂಧಿ ಬಜಾರಿನಿಂದ ಕೋಟೆಯ ಬಳಿಗೆ ಸುಮಾರು ಒಂದೂವರೆ ಮೈಲಿ. ಹಿಂದಿನವರ ಲೆಕ್ಕದಲ್ಲಿ ಅರ್ಧ ಹರದಾರಿ. ಈ ಅಳತೆಯಲ್ಲಿಯೇ ಬಸವನಗುಡಿಯ ಚರಿತ್ರೆಯ ಬಹುಭಾಗವು ಅಡಗಿದೆ. ಬೆಂಗಳೂರಿನಲ್ಲಿ ಊರೊಳಗಿನ ಬಸ್ಸಿನ ಸಂಚಾರವನ್ನು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯು ಏರ್ಪಡಿಸಿದ್ದು ೧೯೪೦ರಲ್ಲಿ. ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ಇದ್ದಂತೆ ಟ್ರಾಮು ಇಲ್ಲಿ ಎಂದೂ ಓಡಲಿಲ್ಲ. ಹೀಗೆ ಬಡಾವಣೆಯು ಹುಟ್ಟಿದ ಮೇಲೆ ನಾಲ್ವತ್ತು ವರ್ಷಗಳ ಕಾಲ ಅಲ್ಲಿನ ನಿವಾಸಿಗೆ ಇದ್ದ ವಾಹನಗಳು ಮೂರು: ಸ್ವಂತ ಕಾಲು, ಬೈಸಿಕಲ್ಲು, ಹಣವಿದ್ದ ದಿನ ಜಟಕಾ ಬಂಡಿ. ಅಠಾರಾ ಕಚೇರಿಯ ಗುಮಾಸ್ತನು ಎರಡು ಮೈಲಿಗೂ ಮಿಕ್ಕ ದಾರಿಯನ್ನು ನಡೆಯಬೇಕಾಗಿದ್ದಿತು. ಬಟ್ಟೆ ಚಿಕ್ಕಪೇಟೆಯಿಂದ, ಪಾತ್ರೆ ಬಂಗಾರಗಳು ಪೇಟೆಯಿಂದ, ೧೯೨೧ರ ಮೇಲೆ ತರಕಾರಿಯು ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಬರಬೇಕು. ೧೯೦೦ರ ಡಿಸೆಂಬರಿನಲ್ಲಿ ಕರ್ಜನನು ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ ಕೋಟೆಯ ಮಗ್ಗುಲಲ್ಲಿಯೇ. ನಕ್ಷೆಯ ಉದ್ದೇಶವು ಜನರನ್ನು ಪೇಟೆಯಿಂದ ಬಿಡಿಸುವುದು. ಜನರ ಅಗತ್ಯವು ಪೇಟೆಯನ್ನು ಬಿಡದಿರುವುದು. ಅರ್ಧ ಹರದಾರಿಯ ದೂರವು ಈ ಎರಡಕ್ಕೂ ಒಪ್ಪಿಗೆಯಾಯಿತು. ಇನ್ನೂ ಎರಡು ಮೈಲಿ ಆಚೆಗೆ ಇದೇ ನಕ್ಷೆಯನ್ನು ಹರಡಿದ್ದರೆ ಅನುಕೂಲವಂತರ ತೋಟದ ಮನೆಗಳು ಎದ್ದಿರುತ್ತಿದ್ದುವೇ ಹೊರತು, ಗುಮಾಸ್ತರ ಊರು ಏಳುತ್ತಿರಲಿಲ್ಲ.

ಆದರೆ ದಿನನಿತ್ಯದ ಸಾಮಗ್ರಿಗೆ ಪ್ರತಿದಿನವೂ ಮೂರು ಮೈಲಿ ನಡೆಯುವುದು ಯಾರಿಂದಲೂ ಆಗದು. ಆದಕಾರಣ ನಕ್ಷೆಯಲ್ಲಿ ವಾಸಕ್ಕೆಂದು ಇಟ್ಟ ಬೀದಿಗಳಲ್ಲಿ ಅಂಗಡಿಗಳು ತಾವಾಗಿಯೇ ಹುಟ್ಟಿಕೊಂಡುವು. ಮೊದಲು ಹೂವಿನ ಬುಟ್ಟಿ, ಸೊಪ್ಪಿನ ಗೋಣಿ. ಆಮೇಲೆ ಗ್ರಂಧಿಗೆ ಅಂಗಡಿ, ಕಾಫಿಬೀಜ ಹುರಿಯುವ ಅಂಗಡಿ. ಗಾಂಧಿ ಬಜಾರಿನ ಹೆಸರು ಊರೆಲ್ಲ ಪ್ರಸಿದ್ಧವಾದುದು ಹೀಗೆ. ಅದನ್ನು ಬಡಾವಣೆಯವರ ಪೇಟೆ ಎನ್ನುವುದಕ್ಕಿಂತ, ಹಳೆಯ ಪೇಟೆಯು ತನ್ನನ್ನು ಬಿಟ್ಟುಹೋದವರನ್ನು ಹುಡುಕಿಕೊಂಡು ಬಂದ ಕವಲು ಎನ್ನುವುದು ಸರಿಯಾದೀತು. ೧೯೪೩ರಲ್ಲಿ ಅಲ್ಲಿ ಆರಂಭವಾದ ವಿದ್ಯಾರ್ಥಿ ಭವನವೆಂಬ ಉಪಾಹಾರ ಗೃಹದ ಹೆಸರೇ ಗಿರಾಕಿಗಳು ಯಾರೆಂಬುದನ್ನು ಹೇಳುತ್ತದೆ. ಸುತ್ತಮುತ್ತಲ ಪಾಠಶಾಲೆಗಳ ಹುಡುಗರು ನಡೆದು ಬಂದು, ತಿಂದು, ನಡೆದು ಹೋಗುತ್ತಿದ್ದ ಸ್ಥಳವದು.

ಈ ಚಿತ್ರದ ಇನ್ನೊಂದು ಮುಖವನ್ನು ಮರೆಮಾಡುವುದು ಚರಿತ್ರೆಕಾರನಿಗೆ ತಕ್ಕುದಲ್ಲ. ಮೊದಲನೆಯದಾಗಿ, ನಿವೇಶನಗಳ ಹಂಚಿಕೆ. ಹೊಸ ಬಡಾವಣೆಗಳಲ್ಲಿ ಒಂದೊಂದು ಭಾಗವನ್ನು ಒಂದೊಂದು ಸಮುದಾಯಕ್ಕೆಂದು ವಿಂಗಡಿಸಲಾಗಿದ್ದಿತು. ಪೇಟೆಯಲ್ಲಿ ಜಾತಿಗೊಂದು ಬೀದಿ ಇದ್ದುದು ಕಸುಬಿನ ಕಾರಣದಿಂದ. ಕುಂಬಾರರಿಗೆ ಮಡಕೆ ಸುಡುವ ಆವಿಗೆ ಒಟ್ಟಿಗೆ ಬೇಕು, ಗಾಣಿಗರಿಗೆ ಗಾಣ. ಬಸವನಗುಡಿಯ ಗುಮಾಸ್ತನಿಗೆ ಅಂಥ ಕಾರಣವೊಂದೂ ಇರಲಿಲ್ಲ. ಕಸುಬು ಹೋದ ಮೇಲೂ ಬೇಲಿಯನ್ನು ಮಾತ್ರ ಸರ್ಕಾರವೇ ನಕ್ಷೆಯಲ್ಲಿ ಬರೆದು ಉಳಿಸಿತು. ಆರೋಗ್ಯದ ಹೆಸರಿನಲ್ಲಿ ಹೊಸದಾಗಿ ಕಟ್ಟಿದ ಊರಿಗೆ ಈ ಹಳೆಯ ವಿಂಗಡಣೆಯಿಂದ ಯಾವ ಆರೋಗ್ಯವೂ ಸಿದ್ಧಿಸಲಿಲ್ಲ. ಕಾಲಕ್ರಮದಲ್ಲಿ ಮಾರಾಟದಿಂದಲೂ ಬಾಡಿಗೆಯಿಂದಲೂ ಈ ಗೆರೆಗಳು ಬಹಳಮಟ್ಟಿಗೆ ಕಲಸಿಹೋದುವು. ಆದರೆ ಬ್ರಾಹ್ಮಣರ ಬಡಾವಣೆಯೆಂಬ ಹೆಸರು ಬಸವನಗುಡಿಗೆ ಬಹುಕಾಲ ಅಂಟಿಕೊಂಡೇ ಇದ್ದಿತು.

ಎರಡನೆಯದು ಹಿಂಬದಿಯ ಸಂದು. ಬಸವನಗುಡಿ ಮಲ್ಲೇಶ್ವರಗಳ ಹಳೆಯ ಭಾಗಗಳಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಏಳೆಂಟು ಅಡಿಗಳಷ್ಟು ಅಗಲದ ಉದ್ದವಾದ ಓಣಿಗಳು ಈಗಲೂ ಕಾಣಬರುವುವು. ಜನ ಇವನ್ನು ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಒಳಚರಂಡಿಯಿಲ್ಲದ ಕಾಲದಲ್ಲಿ ಪ್ರತಿ ಮನೆಯ ಹಿತ್ತಲ ಕೊನೆಯಲ್ಲಿ ಪಾಯಿಖಾನೆ. ಅದರ ಹಿಂಗೋಡೆಯಲ್ಲಿ ಒಂದು ಕಿರುಬಾಗಿಲು. ನಸುಕಿನಲ್ಲಿ ಜಾಡಮಾಲಿಯು ಆ ಓಣಿಯಿಂದ ಬಂದು, ಆ ಬಾಗಿಲನ್ನು ತೆಗೆದು, ಮಲವನ್ನು ತುಂಬಿಕೊಂಡು, ಅದೇ ಓಣಿಯಿಂದ ಹೋಗುವನು. ಮನೆಯ ಮುಂದಿನ ಬೀದಿಯಲ್ಲಿ ಅವನ ಮುಖ ಕಾಣಬಾರದೆಂಬುದೇ ಈ ಏರ್ಪಾಡಿನ ಅಭಿಪ್ರಾಯ. ನಕ್ಷೆಯನ್ನು ಬರೆದವರು ನಡೆಯುವವರಿಗಾಗಿ ಎರಡು ಬಗೆಯ ದಾರಿಗಳನ್ನು ಬರೆದರು. ಮರದ ನೆರಳಿನ ಅಗಲವಾದ ದಾರಿ ಒಬ್ಬರಿಗೆ, ಬೆನ್ನಿನ ಹಿಂದಿನ ಸಂದು ಇನ್ನೊಬ್ಬರಿಗೆ. ಈ ಎರಡನೆಯವರ ಮನೆಗಳು ಬಡಾವಣೆಯ ಒಳಗೆ ಇರಲಿಲ್ಲ. ಬಡಾವಣೆಯ ಶುಭ್ರತೆಯನ್ನು ಹೊಗಳಿದ ಲೇಖನಗಳು ಎಷ್ಟೋ ಉಂಟು. ಆ ಶುಭ್ರತೆಯನ್ನು ತಲೆಯ ಮೇಲೆ ಹೊತ್ತವರ ವಿಷಯವು ಅವುಗಳಲ್ಲಿ ಬಹು ವಿರಳ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ಣಾಟಕದಲ್ಲಿ ನಿಲ್ಲಿಸುವ ಕಾರ್ಯವು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಬಿ. ಬಸವಲಿಂಗಪ್ಪನವರಿಂದ ನಡೆಯಿತು; ಅದು ಬಡಾವಣೆಯು ಹುಟ್ಟಿ ಮುಕ್ಕಾಲು ಶತಮಾನ ಕಳೆದ ಮೇಲೆ. ಕೇಂದ್ರದ ಕಾನೂನು ಬಂದುದು ೧೯೯೩ರಲ್ಲಿ.

ಮೂರನೆಯದು ವಠಾರ. ನಕ್ಷೆಯ ಪ್ರಕಾರ ಒಂದು ನಿವೇಶನಕ್ಕೆ ಒಂದು ಮನೆ, ಒಂದು ಕುಟುಂಬ. ಆದರೆ ಮನೆ ಕಟ್ಟಿದ ಗೃಹಸ್ಥನು ವಿಶ್ರಾಂತಿವೇತನದ ಮೇಲೆ ಬಾಳುವವನಾದರೆ, ಹಿತ್ತಲ ಬಯಲಿನಲ್ಲಿ ನಾಲ್ಕಾರು ಚಿಕ್ಕ ಮನೆಗಳ ಸಾಲನ್ನು ಎತ್ತಿಸಿ ಬಾಡಿಗೆಗೆ ಕೊಡುವುದು ಸಹಜ. ಎರಡು ಅಂಕಣದ ಮನೆ, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ ಅಥವಾ ಭಾವಿ. ಗಾಳಿಗೆಂದು ಬಿಟ್ಟ ಜಾಗವು ಹೀಗೆ ಜನರಿಂದ ತುಂಬಿತು. ಆರೋಗ್ಯದ ಅಧಿಕಾರಿಗಳಿಗೆ ಇದು ರುಚಿಸಿರಲಾರದು. ಆದರೂ ಬಡಾವಣೆಯನ್ನು ಊರನ್ನಾಗಿ ಮಾಡಿದ್ದು ಈ ವಠಾರಗಳೇ ಎಂದು ಧೈರ್ಯವಾಗಿ ಹೇಳಬಹುದು. ಶಿವಮೊಗ್ಗೆಯಿಂದಲೋ ಹಾಸನದಿಂದಲೋ ಓದಲು ಬಂದ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯ, ಗಂಡನನ್ನು ಕಳೆದುಕೊಂಡು ಹಪ್ಪಳ ಸಂಡಿಗೆ ಮಾಡಿ ಮಕ್ಕಳನ್ನು ಸಾಕುವ ತಾಯಿ, ಇಂಥವರೆಲ್ಲ ವಠಾರವಿಲ್ಲದಿದ್ದರೆ ಬಸವನಗುಡಿಯಲ್ಲಿ ಇರಲಾಗುತ್ತಿರಲಿಲ್ಲ. ಇವರ ಸಂಖ್ಯೆಯಿಂದಲೇ ಅಂಗಡಿಗೆ ಗಿರಾಕಿ, ಪಾಠಶಾಲೆಗೆ ಮಕ್ಕಳು, ಹರಿಕಥೆಗೆ ಶ್ರೋತೃಗಳು. ಒಂದು ನಿವೇಶನಕ್ಕೆ ಒಂದೇ ಕುಟುಂಬವೆಂಬ ನಿಯಮವು ಅಕ್ಷರಶಃ ನಡೆದಿದ್ದರೆ, ಆ ಅಗಲವಾದ ಬೀದಿಗಳು ಸಂಜೆಯ ಹೊತ್ತು ಬಿಕೋ ಎನ್ನುತ್ತಿದ್ದುವು.

ಜನ ತುಂಬಿದ ಮೇಲೆ ಸಂಸ್ಥೆಗಳು ಬಂದುವು. ಬಸವನಗುಡಿಯ ರಾಮಕೃಷ್ಣಾಶ್ರಮವನ್ನು ೧೯೦೯ರಲ್ಲಿ ಸ್ವಾಮಿ ಬ್ರಹ್ಮಾನಂದರು ಪ್ರಾರಂಭಿಸಿದರು. ೧೯೧೩ರಲ್ಲಿ ಮಹಿಳಾ ಸೇವಾ ಸಮಾಜವು ಹುಟ್ಟಿತು. ೧೯೧೭ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲು. ಹೆಣ್ಣುಮಕ್ಕಳನ್ನು ದೂರದ ಪಾಠಶಾಲೆಗೆ ಕಳುಹಿಸಲು ಹಿರಿಯರು ಹಿಂಜರಿಯುತ್ತಿದ್ದ ಕಾಲದಲ್ಲಿ, ನಾಲ್ಕು ಬೀದಿ ದಾಟಿದರೆ ಸಿಕ್ಕುವ ಪಾಠಶಾಲೆಯು ಎಷ್ಟು ದೊಡ್ಡ ವಿಷಯವೆಂಬುದನ್ನು ವಿವರಿಸಬೇಕಾಗಿಲ್ಲ. ಪಕ್ಕದ ಚಾಮರಾಜಪೇಟೆಯಲ್ಲಿ ೧೯೩೩ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕೃಷ್ಣರಾಜ ಪರಿಷನ್ಮಂದಿರವು ತೆರೆಯಲ್ಪಟ್ಟಿತು, ೧೯೩೮ರಲ್ಲಿ ಆರ್. ಕಲ್ಯಾಣಮ್ಮನವರ ಮಕ್ಕಳ ಕೂಟವು ಪ್ರಾರಂಭವಾಯಿತು. ೧೯೪೫ನೆಯ ವರ್ಷವು ಈ ದೃಷ್ಟಿಯಿಂದ ವಿಶೇಷವಾದುದು. ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ. ಪಿ. ವಾಡಿಯಾ ಸೋಫಿಯಾ ವಾಡಿಯಾ ದಂಪತಿಗಳ ವಿಶ್ವ ಸಂಸ್ಕೃತಿ ಸಂಸ್ಥೆ, ನ್ಯಾಷನಲ್ ಕಾಲೇಜು, ಈ ಮೂರೂ ಅದೇ ವರ್ಷ ಕಣ್ಣು ತೆರೆದುವು. ಮೂರೂ ಒಂದರಿಂದ ಒಂದಕ್ಕೆ ನಡೆದುಹೋಗುವಷ್ಟು ಸಮೀಪದಲ್ಲಿ.

ಸಂಸ್ಥೆಗಳ ಈ ಸಾಮೀಪ್ಯದಿಂದ ಆದ ಫಲವನ್ನು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಕಾಣಬಹುದು. ಗುಂಡಪ್ಪನವರ ವಾಸವು ಬಸವನಗುಡಿಯಲ್ಲಿ. ಅವರು ೧೯೭೫ರಲ್ಲಿ ತೀರಿಕೊಂಡರು, ಆ ರಸ್ತೆಯೇ ಈಗ ಅವರ ಹೆಸರಿನದು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಯು ಪಕ್ಕದ ಗವೀಪುರದಲ್ಲಿ. ಅವರು ಪ್ರತಿದಿನ ಸಂಜೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗುತ್ತಿದ್ದುದನ್ನು ಕಂಡವರು ಬಹಳ ಮಂದಿ. ದೊಡ್ಡ ಲೇಖಕರನ್ನು ದಾರಿಯಲ್ಲಿ ಕಾಣುವುದು, ಕಂಡು ನಮಸ್ಕರಿಸಿ ಎರಡು ಮಾತು ಆಡುವುದು, ಹುಡುಗರಿಗೆ ಅಲ್ಲಿ ಸಾಮಾನ್ಯವಾದ ಸಂಗತಿಯಾಗಿದ್ದಿತು. ಸಭೆ, ಉಪನ್ಯಾಸ, ಸಂಗೀತ, ಪುಸ್ತಕದ ಅಂಗಡಿ, ಕಾಫಿ ಇವೆಲ್ಲವೂ ಒಂದೇ ಸಂಜೆಯಲ್ಲಿ ಕಾಲಿಗೆ ಎಟಕುವಂತಿದ್ದುದರಿಂದ ಸಾಹಿತ್ಯವು ಮನೆಯ ಮಾತಾಯಿತು. ಇದನ್ನು ಯಾವ ನಕ್ಷೆಯೂ ಯೋಚಿಸಿರಲಿಲ್ಲ. ೧೮೯೮ರ ಅಧಿಕಾರಿಗಳ ಮನಸ್ಸಿನಲ್ಲಿ ಇದ್ದುದು ಸಾಯದಿರುವ ಉಪಾಯ ಮಾತ್ರ. ಮರಗಳ ವಿಷಯದಲ್ಲಿ ಮಾತ್ರ ಯೋಚನೆಯು ಬೇಕೆಂದೇ ನಡೆದಿತು: ೧೯೦೮ರಿಂದ ೧೯೩೨ರ ವರೆಗೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜರ್ಮನಿಯ ಕ್ರುಂಬೀಗಲನು, ಒಂದರ ಹೂವು ಮುಗಿಯುವಾಗ ಇನ್ನೊಂದು ಹೂ ಬಿಡುವಂತೆ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದನು. ಬಸವನಗುಡಿಯ ಪೂರ್ವದ ಗಡಿಯೇ ಲಾಲ್‌ಬಾಗು.

ದೇಶವು ಸ್ವತಂತ್ರವಾದ ಹೊತ್ತಿಗೆ ಅಳತೆಗೋಲೇ ಬದಲಾಗತೊಡಗಿತು. ೧೯೪೫ರಲ್ಲಿ ನಗರಾಭಿವೃದ್ಧಿ ಮಂಡಲಿಯು ಏರ್ಪಟ್ಟಿತು. ೧೯೪೮ರ ಆಗಸ್ಟಿನಲ್ಲಿ ಬಸವನಗುಡಿಯ ದಕ್ಷಿಣಕ್ಕೆ ಜಯನಗರದ ಶಂಕುಸ್ಥಾಪನೆಯನ್ನು ರಾಜಗೋಪಾಲಾಚಾರ್ಯರು ನೆರವೇರಿಸಿದರು. ಅದು ಬಸ್ಸಿನ ಕಾಲದ ಬಡಾವಣೆ. ಪೇಟೆಗೆ ನಡೆದುಹೋಗುವ ಪ್ರಶ್ನೆಯೇ ಅದರ ನಕ್ಷೆಯಲ್ಲಿ ಇರಲಿಲ್ಲ. ೧೯೪೧ರಲ್ಲಿ ನಾಲ್ಕು ಲಕ್ಷದ ಊರು ೨೦೧೧ರಲ್ಲಿ ಎಂಬತ್ತನಾಲ್ಕು ಲಕ್ಷದ ನಗರವಾಯಿತು. ಊರಿನ ಅಂಚಾಗಿದ್ದ ಬಸವನಗುಡಿಯು ತಾನು ಕದಲದೆಯೇ ಊರಿನ ನಡುವಿಗೆ ಬಂದು ಸೇರಿತು. ನಡುವಿನ ನೆಲಕ್ಕೆ ಬೆಲೆ ಏರುವುದು ಸ್ವಾಭಾವಿಕ. ಬೆಲೆ ಏರಿದಾಗ ಮೊದಲು ಬಿದ್ದದ್ದು ವಠಾರ. ಏಕೆಂದರೆ ಅದರ ಬಾಡಿಗೆ ಅಲ್ಪ, ಅದು ನಿಂತಿದ್ದ ನೆಲದ ಬೆಲೆ ಅಪಾರ. ಆಮೇಲೆ ಜಗುಲಿಯ ಮನೆಗಳು ಬಿದ್ದು, ಮೂರು ನಾಲ್ಕು ಅಂತಸ್ತಿನ ವಸತಿಸಮುಚ್ಚಯಗಳು ಎದ್ದುವು. ವಿಚಿತ್ರವೇನೆಂದರೆ, ಒಂದು ನಿವೇಶನದಲ್ಲಿ ಈಗಲೂ ಆರು ಎಂಟು ಕುಟುಂಬಗಳು ಇರುವುವು, ವಠಾರದಲ್ಲಿ ಇದ್ದಷ್ಟೇ. ಆದರೆ ಉಪಾಧ್ಯಾಯನೂ ಹಪ್ಪಳ ಮಾಡುವ ತಾಯಿಯೂ ಅವುಗಳಲ್ಲಿ ಇಲ್ಲ. ಕೆಳಗಿನ ಅಂತಸ್ತಿನಲ್ಲಿ ಅಂಗಳಕ್ಕೆ ಬದಲಾಗಿ ಮೋಟಾರು ಗಾಡಿಗಳು ನಿಂತಿವೆ.

ಬೀದಿಯಲ್ಲಿಯೂ ಇದೇ ಕಥೆ. ೧೮೯೮ರಲ್ಲಿ ಗಾಳಿಗೆಂದು ಬಿಟ್ಟ ಅಗಲವು ಮೋಟಾರಿಗೆ ಅಪ್ರಯತ್ನವಾಗಿ ದೊರೆತ ಸ್ವತ್ತಾಯಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಗಾಡಿಯು ಮನುಷ್ಯನಿಗೆ ಅಂಜಿ ನಿಧಾನವಾಗಿ ಹೋಗುವುದು. ಬಡಾವಣೆಯ ಅಗಲವಾದ ಬೀದಿಗಳಲ್ಲಿ ಮನುಷ್ಯನೇ ಗಾಡಿಗೆ ಅಂಜಬೇಕಾಯಿತು. ನಡೆಯುವವರ ಸಲುವಾಗಿ ಕಲ್ಲುಹಾಸುಗಳನ್ನು ಅಗಲಮಾಡುವ ಕೆಲಸಗಳು ಗಾಂಧಿ ಬಜಾರಿನಲ್ಲಿ ಈಚಿನ ವರ್ಷಗಳಲ್ಲಿ ನಡೆದಿವೆ. ಹೂವಿನ ಬುಟ್ಟಿಯವರಿಗೂ ಕಲ್ಲುಹಾಸಿಗೂ, ಅಂಗಡಿಯವರಿಗೂ ಗಾಡಿ ನಿಲ್ಲಿಸುವ ಗಿರಾಕಿಗಳಿಗೂ ನಡುವೆ ಆದ ವಾಗ್ವಾದಗಳನ್ನು ಕೇಳಿದವರಿಗೆ, ಬೀದಿಯು ಯಾರದೆಂಬ ಪ್ರಶ್ನೆಯು ಇನ್ನೂ ಇತ್ಯರ್ಥವಾಗಿಲ್ಲವೆಂಬುದು ತಿಳಿಯುವುದು.

೨೦೧೭ರ ಜೂನಿನಲ್ಲಿ ಮೆಟ್ರೋ ರೈಲಿನ ಹಸುರು ದಾರಿಯು ಪೇಟೆಯನ್ನು ನೆಲದ ಕೆಳಗಿನಿಂದ ಹಾಯ್ದು ದಕ್ಷಿಣಕ್ಕೆ ಬಂದಿತು. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗು ಎಂದು ಅದರ ನಿಲ್ದಾಣಗಳ ಸಾಲು. ಜಟಕಾದಲ್ಲಿ ಹೋಗಲು ದುಡ್ಡಿಲ್ಲದೆ ಗುಮಾಸ್ತನು ನಡೆದ ಅರ್ಧ ಹರದಾರಿಯು ಈಗ ಕೆಲವೇ ನಿಮಿಷಗಳ ಪ್ರಯಾಣ. ನಿಲ್ದಾಣದಿಂದ ಹೊರಬಿದ್ದವನು ಮನೆಗೆ ನಡೆದೇ ಹೋಗಬೇಕು. ಹೀಗಾಗಿ ಸಂಜೆಯ ಹೊತ್ತು ಕೃಷ್ಣರಾಜೇಂದ್ರ ರಸ್ತೆಯ ಅಂಚಿನಲ್ಲಿ ನಡೆಯುವವರು ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ.

ಹಿಂಬದಿಯ ಸಂದುಗಳ ಗತಿಯು ಒಂದೊಂದು ಕಡೆ ಒಂದೊಂದು ವಿಧ. ಒಳಚರಂಡಿ ಬಂದ ಮೇಲೆ ಅವುಗಳ ಕೆಲಸ ಮುಗಿಯಿತು. ಕೆಲವನ್ನು ಅಕ್ಕಪಕ್ಕದ ಮನೆಯವರು ಗೋಡೆ ಹಾಕಿ ಒಳಗೆ ಸೇರಿಸಿಕೊಂಡರು; ಕೆಲವು ಕಸದ ತಾಣಗಳಾದುವು; ಮಲ್ಲೇಶ್ವರದಲ್ಲಿ ಕೆಲವನ್ನು ಗುಡಿಸಿ, ಗೋಡೆಗಳಿಗೆ ಬಣ್ಣ ಬಳಿದು, ನಡೆಯುವವರ ದಾರಿಗಳನ್ನಾಗಿ ಮಾಡಿರುವರು. ಮಕ್ಕಳು ಅಲ್ಲಿ ಮೋಟಾರಿನ ಭಯವಿಲ್ಲದೆ ಓಡಾಡುತ್ತಾರೆ. ಕೆಲವು ಹಳೆಯ ಗೋಡೆಗಳಲ್ಲಿ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಇಟ್ಟಿಗೆಯಿಂದ ಮುಚ್ಚಿದ ಕಿರುಬಾಗಿಲಿನ ಚೌಕಟ್ಟು ಸುಣ್ಣದ ಕೆಳಗೆ ಇನ್ನೂ ಎದ್ದು ಕಾಣುವುದು.